ಮಾಗಿಯ ಚಳಿಯಲ್ಲಿ ಕಿಟಕಿ: ಬಿಸಿ ಸೋರುವುದೆಲ್ಲಿ, ತಡೆಯುವುದು ಹೇಗೆ

ಧನುರ್ಮಾಸದ ಒಂದು ಬೆಳಿಗ್ಗೆ ನಮ್ಮ ಬೀದಿಯ ಮೇಷ್ಟ್ರು ತಲೆಗೆ ಮಫ್ಲರ್ ಸುತ್ತಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಕೈಯಲ್ಲಿ ಮಡಿಸಿದ ಒಂದು ಕೊಟೇಶನ್. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಮಗುವಿಗಿನ್ನೂ ಇಪ್ಪತ್ತು ದಿನ.

"ಹಿಂದಿನ ರೂಮಲ್ಲಿ ಬೆಳಗಿನ ಜಾವ ಕಾಲಿಡಕ್ಕಾಗಲ್ಲ ಇಂಜಿನಿಯರ್ರೇ. ಕಿಟಕಿ ಕಿತ್ತು ಡಬಲ್ ಗ್ಲಾಸ್ ಹಾಕಿಸಿಬಿಡೋಣ ಅಂತಿದೀನಿ. ಏನಂತೀರಿ?"

"ಅಡ್ವಾನ್ಸ್ ಕೊಟ್ಟಿದೀರಾ ಮೇಷ್ಟ್ರೇ?"

"ಇನ್ನೂ ಇಲ್ಲ."

"ಹಾಗಾದ್ರೆ ಎರಡು ದಿನ ತಡೀರಿ. ಇವತ್ತು ರಾತ್ರಿ ಊಟ ಆದ್ಮೇಲೆ ಬರ್ತೀನಿ. ಒಂದು ಪ್ಯಾಕೆಟ್ ಊದುಬತ್ತಿ ತೆಗೆದಿಟ್ಟಿರಿ."

ಮೈಸೂರಿನಲ್ಲಿ ಹಿಮ ಬೀಳುವುದಿಲ್ಲ ನಿಜ. ಡಿಸೆಂಬರ್, ಜನವರಿಯ ರಾತ್ರಿಗಳು ಸಾಮಾನ್ಯವಾಗಿ 15–16 ಡಿಗ್ರಿಗೆ ಇಳಿಯುತ್ತವೆ. ಮೋಡವಿಲ್ಲದ ಕೆಲವು ರಾತ್ರಿಗಳಲ್ಲಿ 11–12ಕ್ಕೂ ಹೋಗುತ್ತದೆ. 2012ರ ಜನವರಿ 16ರಂದು 7.7 ಡಿಗ್ರಿ ದಾಖಲಾಗಿತ್ತು. ಚಳಿದೇಶದವರಿಗೆ ಇದು ವಸಂತಕಾಲದ ಹವೆ. ಆದರೆ ಅವರ ಮನೆಯಲ್ಲಿ ಹೀಟರ್ ಇದೆ, ನಮ್ಮಲ್ಲಿಲ್ಲ. ಹಗಲಿನ ಬಿಸಿಲು ಗೋಡೆ, ತಾರಸಿಯಲ್ಲಿ ಬಿಟ್ಟುಹೋದ ಬಿಸಿ, ಅಡುಗೆಮನೆಯ ಒಲೆ, ಮಲಗಿದವರ ಮೈ, ಇಷ್ಟೇ ನಮ್ಮ ಬಂಡವಾಳ. ಮಲಗಿರುವ ದೊಡ್ಡವರೊಬ್ಬರ ಮೈಯಿಂದ ಸುಮಾರು 70–80 ವ್ಯಾಟ್ ಬಿಸಿ ಹೊರಬರುತ್ತದೆ, ಹಳೇ ಕಾಲದ 60 ವ್ಯಾಟ್ ಬಲ್ಬಿಗಿಂತ ತುಸು ಹೆಚ್ಚು. ಬಂಡವಾಳ ಇಷ್ಟು ಚಿಕ್ಕದಾದಾಗ ಸೋರಿಕೆಯ ಲೆಕ್ಕ ನೋಡಲೇಬೇಕು. ಕೂಸು, ಬಾಣಂತಿ, ವಯಸ್ಸಾದವರು ಇರುವ ಮನೆಯಲ್ಲಿ ಇನ್ನೂ ಜೋಪಾನವಾಗಿ ನೋಡಬೇಕು.

ಗಾಜಿನ ಲೆಕ್ಕ

ಕಿಟಕಿ, ಗೋಡೆ, ಬಾಗಿಲು ಎಷ್ಟು ಬಿಸಿ ಬಿಟ್ಟುಕೊಡುತ್ತವೆ ಎಂದು ಅಳೆಯಲು ಕಟ್ಟಡದವರು ಬಳಸುವ ಒಂದು ಅಂಕಿ ಇದೆ, ಯು ವ್ಯಾಲ್ಯೂ. ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸ ಇದ್ದಾಗ 1 ಚದರ ಮೀಟರ್ ಜಾಗದಿಂದ ಎಷ್ಟು ವ್ಯಾಟ್ ದಾಟಿಹೋಗುತ್ತದೆ ಎಂಬುದೇ ಆ ಅಂಕಿ. ಕಡಿಮೆ ಇದ್ದಷ್ಟೂ ಒಳ್ಳೆಯದು. ಎರಡೂ ಕಡೆ ಗಾರೆ ಮಾಡಿದ 9 ಇಂಚಿನ ಇಟ್ಟಿಗೆ ಗೋಡೆಗೆ ಇದು 2ರ ಆಸುಪಾಸು. ನಮ್ಮ ಕಿಟಕಿಗಳಲ್ಲಿರುವ ಒಂದೇ ಪದರದ ಗಾಜಿಗೆ ಸುಮಾರು 5.7. ಅಂದರೆ ಅಷ್ಟೇ ಅಗಲದ ಗೋಡೆಗಿಂತ ಹತ್ತಿರಹತ್ತಿರ ಮೂರು ಪಟ್ಟು ಬಿಸಿ ಗಾಜಿನಿಂದ ಹೋಗುತ್ತದೆ.

ಮೇಷ್ಟ್ರ ಕೋಣೆಯ ಕಿಟಕಿ 4 ಅಡಿ ಅಗಲ, 5 ಅಡಿ ಎತ್ತರ. ಸುಮಾರು 1.85 ಚದರ ಮೀಟರ್. ಬೆಳಗಿನ ಜಾವ ಒಳಗೆ 21 ಡಿಗ್ರಿ, ಹೊರಗೆ 12 ಎಂದಿಟ್ಟುಕೊಳ್ಳಿ. ವ್ಯತ್ಯಾಸ 9. ಮೂರನ್ನೂ ಗುಣಿಸಿದರೆ 95 ವ್ಯಾಟ್. ಮಲಗಿದ ಒಬ್ಬರ ಮೈಯ ಬಿಸಿ ಪೂರ್ತಿಯಾಗಿ ಒಂದು ಗಾಜಿನಿಂದಲೇ ಹೋಯಿತು, ಇನ್ನೂ ಸ್ವಲ್ಪ ಸಾಲವಾಯಿತು.

ಹಾಗಾದರೆ ದಪ್ಪ ಗಾಜು ಹಾಕಿಸಿದರೆ ಆಯಿತಲ್ಲ ಎಂದು ಬಹಳ ಜನ ಕೇಳುತ್ತಾರೆ. ಈ ವಿಷಯದ ಬೀಗದಕೈ ಇರುವುದು ಆ ಪ್ರಶ್ನೆಗೆ ಕೊಡುವ ಉತ್ತರದಲ್ಲೇ. 5.7 ಎಂಬ ಅಂಕಿ ಎಲ್ಲಿಂದ ಬಂತು ಎಂದು ಬಿಡಿಸಿ ನೋಡೋಣ. ಬಿಸಿ ಹೊರಹೋಗುವ ದಾರಿಯಲ್ಲಿ ಮೂರು ತಡೆಗಳಿವೆ. ಗಾಜಿನ ಒಳಮೈಗೆ ಅಂಟಿಕೊಂಡಂತೆ ಇರುವ, ಹೆಚ್ಚು ಅಲುಗಾಡದ ಗಾಳಿಯ ತೆಳು ಪೊರೆ ಒಂದು. ಅದರ ತಡೆ 0.13. ಹೊರಮೈಯ ಪೊರೆಯನ್ನು ಬೀಸುಗಾಳಿ ಕೆದಕುತ್ತಿರುವುದರಿಂದ ಅದರ ತಡೆ 0.04 ಮಾತ್ರ. ನಡುವೆ ಇರುವ 4 ಮಿಲಿಮೀಟರ್ ಗಾಜಿನದು ಎಷ್ಟು? ಬರೀ 0.004. ಮೂರನ್ನೂ ಕೂಡಿದರೆ 0.174. ಒಂದನ್ನು ಅದರಿಂದ ಭಾಗಿಸಿದರೆ 5.7 ಸಿಗುತ್ತದೆ. ಒಟ್ಟು ತಡೆಯಲ್ಲಿ ಗಾಜಿನ ಪಾಲು ಸಾಂಬಾರಿಗೆ ಹಾಕಿದ ಇಂಗಿನಷ್ಟು. 8 ಮಿಲಿಮೀಟರ್ ಗಾಜು ಹಾಕಿಸಿದರೆ 5.7 ಇದ್ದದ್ದು 5.6 ಆಗುತ್ತದೆ, ಅಷ್ಟೆ.

ಚಳಿಯನ್ನು ತಡೆಯುತ್ತಿರುವುದು ನಿಂತ ಗಾಳಿ. ಗಾಜು ಆ ಗಾಳಿಗೆ ಒರಗಲು ಒಂದು ಮೈ ಕೊಡುತ್ತದೆ. ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಹಾಸಿಗೆಯ ಹತ್ತಿ ಗಂಟುಗಟ್ಟಿ ಚಪ್ಪಟೆಯಾದರೆ ಚಳಿ ಅನ್ನುತ್ತೇವೆ, ಅರಳೆ ಎಕ್ಕಿಸಿ ಮತ್ತೆ ತುಂಬಿಸಿದರೆ ಬೆಚ್ಚಗಾಗುತ್ತದೆ. ಹತ್ತಿ ಅಷ್ಟೇ, ತೂಕ ಅಷ್ಟೇ. ಎಳೆಗಳ ನಡುವೆ ಗಾಳಿ ಮತ್ತೆ ಬಂದು ಕೂತಿದೆ. ಕುರಿ ಕಂಬಳಿಯ ಗುಟ್ಟೂ ಇದೇ. ಗಾಜಿಗಿಂತ ನಿಂತ ಗಾಳಿ ಸುಮಾರು 40 ಪಟ್ಟು ಚೆನ್ನಾಗಿ ಬಿಸಿಯನ್ನು ತಡೆಯುತ್ತದೆ. 'ನಿಂತ' ಎಂಬ ಮಾತನ್ನು ಮರೆಯಬಾರದು, ಹರಿಯುವ ಗಾಳಿ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ ಕೆಲಸ.

ಊದುಬತ್ತಿ ತೋರಿಸಿದ್ದು

ರಾತ್ರಿ ಒಂಬತ್ತೂವರೆಗೆ ಮೇಷ್ಟ್ರ ಮನೆಗೆ ಹೋದೆ. ಮಗಳನ್ನೂ ಮಗುವನ್ನೂ ಹಾಲ್‌ಗೆ ಕಳಿಸಿ, ಹಿಂದಿನ ಕೋಣೆಯ ಫ್ಯಾನ್ ಆರಿಸಿ, ಬಾಗಿಲು ಮುಂದೆ ಮಾಡಿ ಐದು ನಿಮಿಷ ಸುಮ್ಮನೆ ನಿಂತೆವು. ಕೋಣೆಯ ಗಾಳಿ ತಿಳಿಯಾಗಲಿ ಎಂದು. ಆಮೇಲೆ ಒಂದು ಊದುಬತ್ತಿ ಹಚ್ಚಿದೆ. ಪರದೆಯನ್ನು ಪೂರ್ತಿ ಪಕ್ಕಕ್ಕೆ ಸರಿಸಿ ಕಟ್ಟಿದ್ದೆವು, ಕಿಡಿ ಹಾರಬಾರದಲ್ಲ.

ಕೋಣೆಯ ನಡುವೆ ಹಿಡಿದಾಗ ಹೊಗೆ ನೂಲಿನಂತೆ ನೆಟ್ಟಗೆ ಏರಿತು. ಕಿಟಕಿಯ ಎರಡು ಬಾಗಿಲು ಕೂಡುವ ನಡುಗೆರೆಗೆ ತಂದೆ. ನೂಲು ಮುರಿದು ನಮ್ಮ ಮುಖದ ಕಡೆಗೆ ಚದುರಿತು. ಅಲ್ಲಿಂದ ಹೊರಗಿನ ಗಾಳಿ ಒಳಗೆ ಬರುತ್ತಿದೆ. ಕೆಳಗಿನ ಅಂಚಿಗೆ ತಂದರೆ ಇನ್ನೂ ಜೋರು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಒಣಗಿ, ಹಲವು ವರ್ಷಗಳಲ್ಲಿ ಮರದ ಬಾಗಿಲು ತುಸು ತಿರುಚಿಕೊಂಡಿತ್ತು. ಮೇಲಿನ ಚಿಲಕ ಹಾಕಿದರೂ ಕೆಳಗಡೆ ಒಂದು ಬೆರಳಿನ ಕಾಲುಭಾಗ ಸಂದು. ಆಮೇಲೆ ಸ್ಟೂಲ್ ಹತ್ತಿ ಮೇಲಿನ ವೆಂಟಿಲೇಟರ್ ಹತ್ತಿರ ಹಿಡಿದೆ. ಹೊಗೆ ಒಳಗೆ ಬರಲಿಲ್ಲ. ಯಾರೋ ಎಳೆದುಕೊಂಡ ಹಾಗೆ ಸರಸರನೆ ಹೊರಗೆ ಹೋಯಿತು.

"ಓ, ಮೇಲೆ ಹೋಗ್ತಿದೆ, ಕೆಳಗೆ ಬರ್ತಿದೆ!" ಅಂದರು ಮೇಷ್ಟ್ರು. ವಿಷಯ ಪೂರ್ತಿ ಅಷ್ಟೇ. ಬಿಸಿಗಾಳಿ ಹಗುರ, ಮೇಲಕ್ಕೆ ಏರಿ ವೆಂಟಿಲೇಟರ್ ದಾರಿಯಲ್ಲಿ ಹೊರಗೆ ಹೋಗುತ್ತದೆ. ಹೋದಷ್ಟೇ ಗಾಳಿ ಕಿಟಕಿಯ ಕೆಳಸಂದಿಯಿಂದ, ಬಾಗಿಲ ಅಡಿಯಿಂದ ತಣ್ಣಗೆ ಒಳನುಗ್ಗುತ್ತದೆ. ಕೋಣೆ ಒಂದು ಚಿಮಣಿಯ ಹಾಗೆ ಕೆಲಸ ಮಾಡುತ್ತದೆ. ಕಾಲಿಗೆ ಮೊದಲು ಚಳಿ ಅನ್ನಿಸುವುದು ಇದಕ್ಕೇ.

ಇದಕ್ಕೂ ಲೆಕ್ಕ ಇದೆ. 10 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಹಿಡಿಸುತ್ತದೆ. ಗಂಟೆಗೆ ಒಂದು ಸಲ ಅಷ್ಟೂ ಗಾಳಿ ಬದಲಾದರೆ, 9 ಡಿಗ್ರಿ ವ್ಯತ್ಯಾಸದಲ್ಲಿ ಹೋಗುವ ಬಿಸಿ ಸುಮಾರು 100 ವ್ಯಾಟ್. ಗಾಜಿನಿಂದ ಹೋದದ್ದಕ್ಕಿಂತ ತುಸು ಹೆಚ್ಚೇ. ಮುಚ್ಚಲಾಗದ ವೆಂಟಿಲೇಟರ್ ಇದ್ದು, ಬಾಗಿಲುಗಳು ತಿರುಚಿಕೊಂಡಿದ್ದು, ಗಾಳಿ ಎರಡು ಮೂರು ಸಲ ಬದಲಾಗುವ ಕೋಣೆಯಾದರೆ 200–300 ವ್ಯಾಟ್. ಮೇಷ್ಟ್ರ ಕೈಯಲ್ಲಿದ್ದ ಕೊಟೇಶನ್ನಿನ ಡಬಲ್ ಗ್ಲಾಸ್, ಅಂದರೆ ನಡುವೆ ಗಾಳಿ ಸೆರೆಯಾದ ಎರಡು ಪದರದ ಗಾಜು, ಉಳಿಸುವುದು ಗಾಜಿನ 95 ವ್ಯಾಟಿನಲ್ಲಿ ಅರ್ಧವನ್ನು ಮಾತ್ರ. ದೊಡ್ಡ ತೂತು ಬಿಟ್ಟು ಚಿಕ್ಕ ತೂತಿಗೆ ದುಬಾರಿ ಬಿರಡೆ ಹಾಕಿದ ಹಾಗೆ.

ಸಂದಿಗೆ ಮದ್ದು ಅಗ್ಗ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಕಡೆ ಅಂಟು ಇರುವ ಫೋಮ್ ಟೇಪ್ ಸಿಗುತ್ತದೆ, ರಬ್ಬರ್ ಪಟ್ಟಿಯೂ ಸಿಗುತ್ತದೆ. ರಬ್ಬರಿನದು ಬಾಳಿಕೆ ಹೆಚ್ಚು. ಅಂಟಿಸುವ ಮೊದಲು ಚೌಕಟ್ಟಿನ ತೋಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಲು ಬಿಡಿ. ಧೂಳಿನ ಮೇಲೆ ಅಂಟಿಸಿದ ಟೇಪು ವಾರಕ್ಕೆ ಕೈಗೆ ಬರುತ್ತದೆ. ಪಟ್ಟಿ ಕೂರಬೇಕಾದ್ದು ಚೌಕಟ್ಟಿನ ಮೇಲೆ, ಬಾಗಿಲು ಬಂದು ಒತ್ತುವ ಜಾಗದಲ್ಲಿ. ಎಷ್ಟು ದಪ್ಪದ್ದು ಬೇಕು ಎಂದು ತಿಳಿಯಲು ಸಂದಿಯಲ್ಲಿ ಸ್ವಲ್ಪ ಚಪಾತಿ ಹಿಟ್ಟು ಇಟ್ಟು ಬಾಗಿಲು ಮುಚ್ಚಿ ತೆಗೆಯಿರಿ. ಹಿಟ್ಟು ಎಷ್ಟು ದಪ್ಪಕ್ಕೆ ಒತ್ತಿಕೊಂಡಿದೆಯೋ ಅದಕ್ಕಿಂತ ತುಸು ದಪ್ಪದ ಪಟ್ಟಿ ತಂದರೆ ಸರಿಹೋಗುತ್ತದೆ. ತೀರಾ ದಪ್ಪದ್ದು ತಂದು ಬಾಗಿಲನ್ನು ಗುದ್ದಿ ಮುಚ್ಚಿದರೆ ಕೀಲು ಸಡಿಲವಾಗಿ ಮೊದಲಿಗಿಂತ ಕಷ್ಟವಾಗುತ್ತದೆ. ಕೆಲಸ ಆಯಿತೇ ಇಲ್ಲವೇ ಎಂದು ನೋಡಲು ಒಂದು ಕಾಗದದ ಚೂರು ಸಾಕು. ಬಾಗಿಲು, ಚೌಕಟ್ಟಿನ ನಡುವೆ ಸಿಕ್ಕಿಸಿ ಚಿಲಕ ಹಾಕಿ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಅಲ್ಲಿ ಇನ್ನೂ ಸಂದು ಇದೆ.

ಚೌಕಟ್ಟಿಗೂ ಗೋಡೆಗೂ ನಡುವೆ ಬಿಟ್ಟ ಬಿರುಕಿಗೆ ಸಿಲಿಕಾನ್ ತುಂಬಿಸಿ. ಗಾಜಿನ ಅಂಚಿನ ಪುಟ್ಟಿ ಉದುರಿದ್ದರೆ ಬಡಗಿಯನ್ನು ಕರೆದು ಬೀಡಿಂಗ್ ಹೊಡೆಸಿ. ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯಾದರೆ ಅದರ ಬ್ರಶ್ ಪಟ್ಟಿ ಸವೆದಿರುತ್ತದೆ, ಅದನ್ನು ಬದಲಿಸಬಹುದು. ಆದರೆ ಕೆಳಗಿನ ಟ್ರ್ಯಾಕಿನಲ್ಲಿರುವ ಸಣ್ಣ ತೂತುಗಳನ್ನು ಮುಚ್ಚಬೇಡಿ, ಮಳೆನೀರು ಹೊರಹೋಗುವುದು ಅಲ್ಲಿಂದಲೇ.

ವೆಂಟಿಲೇಟರ್ ಮುಚ್ಚುವ ಮುನ್ನ

ಇಲ್ಲಿ ಸ್ವಲ್ಪ ನಿಲ್ಲಬೇಕು. ಮೇಷ್ಟ್ರ ಮನೆಯವರು ಅಷ್ಟರಲ್ಲೇ ಹಳೇ ದಿಂಬನ್ನು ತಂದು ವೆಂಟಿಲೇಟರಿಗೆ ತುರುಕಲು ಹೊರಟಿದ್ದರು. ಮೂಲೆಯಲ್ಲಿ ಮಗುವಿಗೆ ನೀರೆರೆದ ಮೇಲೆ ಸಾಂಬ್ರಾಣಿ ಹಾಕುವ ಕೆಂಡದ ಧೂಪಾರತಿ ಇತ್ತು.

"ಅಮ್ಮಾ, ಇದು ರೂಮಲ್ಲಿ ಇರೋವಾಗ ಅದನ್ನ ಮುಚ್ಚಲೇಬೇಡಿ" ಅಂದೆ.

ಇದ್ದಿಲ ಕೆಂಡ ಹೊಗೆಯಾಡದಿದ್ದರೂ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿ ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿರುವವರಿಗೆ ಏನಾಗುತ್ತಿದೆ ಎಂದು ತಿಳಿಯುವುದೇ ಇಲ್ಲ. ಬಾಣಂತಿ ಕೋಣೆಯಲ್ಲಿ ಕಿಟಕಿ, ಬಾಗಿಲು, ವೆಂಟಿಲೇಟರ್ ಎಲ್ಲ ಮುಚ್ಚಿ ಕೆಂಡ ಇಟ್ಟು ಮಲಗುವ ಅಭ್ಯಾಸ ಯಾರ ಮನೆಯಲ್ಲಿದ್ದರೂ ದಯವಿಟ್ಟು ಇವತ್ತೇ ನಿಲ್ಲಿಸಿ. ಕೆಂಡ ಹಾಕುವುದಿದ್ದರೆ ಕಿಟಕಿ ತೆರೆದು, ಮುಗಿದ ತಕ್ಷಣ ಕೆಂಡವನ್ನು ಮನೆಯಿಂದ ಹೊರಗಿಡಿ. ಗ್ಯಾಸ್ ಗೀಸರ್ ಇರುವ ಬಚ್ಚಲುಮನೆಯ ವೆಂಟಿಲೇಟರನ್ನಂತೂ ಯಾವ ಕಾಲದಲ್ಲೂ ಮುಟ್ಟಬಾರದು. ಅಡುಗೆಮನೆಯದೂ ಅಷ್ಟೆ.

ಬೆಂಕಿ ಏನೂ ಇಲ್ಲದ ಮಲಗುವ ಕೋಣೆಯ ವೆಂಟಿಲೇಟರನ್ನು ರಾತ್ರಿ ಹೊತ್ತು ಮುಕ್ಕಾಲು ಪಾಲು ಮುಚ್ಚಬಹುದು. ಅಳತೆಗೆ ಕತ್ತರಿಸಿದ ಥರ್ಮೋಕೋಲ್ ಹಲಗೆಗೆ ಬಟ್ಟೆ ಸುತ್ತಿ ಕೂರಿಸಿದರೆ ಬೆಳಿಗ್ಗೆ ತೆಗೆಯುವುದು ಸುಲಭ. ಹಾಲ್ ಕಡೆಯ ಬಾಗಿಲನ್ನು ಒಂದು ಗೇಣು ತೆರೆದಿಡಿ. ಮೂವರು ಮಲಗುವ ಕೋಣೆಗೆ ಉಸಿರಾಡಲು ಹೊಸ ಗಾಳಿ ಬೇಕು, ಅದು ಬೀದಿಯ 12 ಡಿಗ್ರಿಯಿಂದ ಬರುವ ಬದಲು ಹಾಲ್‌ನ 20 ಡಿಗ್ರಿಯಿಂದ ಬರಲಿ. ವೆಂಟಿಲೇಟರ್ ಇಟ್ಟ ಹಿರಿಯರು ತಪ್ಪು ಮಾಡಿದವರಲ್ಲ. ಪ್ಲೇಗ್ ಕಂಡ ಊರು ಇದು. ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಗಾಳಿ ಬೆಳಕಿನ ಹೊಸ ಬಡಾವಣೆಗಳಿಗೆ ತರಲೆಂದೇ 1903ರಲ್ಲಿ ಇಲ್ಲಿ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಹುಟ್ಟಿದ್ದು. ವರ್ಷದ ಉಳಿದ ತಿಂಗಳುಗಳಲ್ಲಿ ಆ ತೂತು ನಮ್ಮನ್ನು ಕಾಪಾಡುತ್ತದೆ.

ಬೆವರುವ ಗಾಜು, ಎಳೆಯುವ ಗಾಜು

ಬೆಳಿಗ್ಗೆ ಎದ್ದಾಗ ಗಾಜಿನ ಒಳಮೈ ಮೇಲೆ ನೀರಿಳಿದಿರುತ್ತದೆಯೇ? ಇಬ್ಬನಿ ಒಳಗೆ ಬಂದಿದೆ ಎಂದು ಕೆಲವರು ತಿಳಿಯುತ್ತಾರೆ. ಅದು ನಿಮ್ಮದೇ ಉಸಿರಿನ ನೀರು. ಒಳಗೆ 21, ಹೊರಗೆ 12 ಇದ್ದಾಗ ಒಂಟಿ ಗಾಜಿನ ಒಳಮೈ ಸುಮಾರು 14 ಡಿಗ್ರಿಗೆ ಇಳಿದಿರುತ್ತದೆ. ಕೋಣೆಯ ತೇವಾಂಶ ಶೇ 65 ದಾಟಿತೆಂದರೆ ಗಾಳಿಯಲ್ಲಿರುವ ನೀರು ಆ ತಣ್ಣನೆ ಮೈಗೆ ಬಂದು ಕೂರುತ್ತದೆ. ಒದ್ದೆ ಬಟ್ಟೆಯನ್ನು ಮಗುವಿನ ಕೋಣೆಯಲ್ಲೇ ಹಗ್ಗ ಕಟ್ಟಿ ಒಣಗಿಸಿದರೆ ಇದು ಇನ್ನೂ ಬೇಗ ಆಗುತ್ತದೆ. ಹೀಗೆ ಇಳಿದ ನೀರು ಮರದ ಚೌಕಟ್ಟಿನ ಕೆಳಮೂಲೆಯಲ್ಲಿ ನಿಂತು, ಅಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಎದ್ದ ಕೂಡಲೇ ಒಣಬಟ್ಟೆಯಲ್ಲಿ ಒರೆಸುವುದು, ಬಿಸಿಲು ಬಂದ ಮೇಲೆ ಹತ್ತು ನಿಮಿಷ ಕಿಟಕಿ ತೆರೆಯುವುದು ಎರಡೂ ಬೇಕು.

ಆ 14 ಡಿಗ್ರಿ ಗಾಜು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಗಾಳಿ ಒಂದಿಷ್ಟೂ ಅಲುಗದಿದ್ದರೂ ಕಿಟಕಿ ಪಕ್ಕ ಕೂತವರಿಗೆ ಆ ಕಡೆಯ ಭುಜ ತಣ್ಣಗಾಗುತ್ತದಲ್ಲ, ಯಾಕೆ? ಒಲೆಯ ಕೆಂಡ ದೂರದಿಂದಲೇ ನಮಗೆ ಬಿಸಿ ತಾಗಿಸುವ ಹಾಗೆ, ನಮ್ಮ ಮೈ ಕೂಡ ಸುತ್ತಲಿನ ತಣ್ಣನೆ ವಸ್ತುಗಳಿಗೆ ಬಿಸಿಯನ್ನು ಎಸೆಯುತ್ತಲೇ ಇರುತ್ತದೆ. 18–19 ಡಿಗ್ರಿಯ ಗೋಡೆಗೆ ಕಡಿಮೆ, 14 ಡಿಗ್ರಿಯ ಗಾಜಿಗೆ ಹೆಚ್ಚು. ಜೊತೆಗೆ ಗಾಜಿಗೆ ತಾಗಿ ತಣ್ಣಗಾದ ಗಾಳಿ ಭಾರವಾಗಿ ಕೆಳಕ್ಕೆ ಜಾರಿ ಮಂಚದ ಮೇಲೆ ಬೀಳುತ್ತದೆ. ಮೇಷ್ಟ್ರ ಮನೆಯಲ್ಲಿ ಮಂಚ ಇದ್ದದ್ದು ಸರಿಯಾಗಿ ಕಿಟಕಿಯ ಕೆಳಗೆ, ಮಗುವಿನ ತಲೆ ಕಿಟಕಿಯ ಕಡೆಗೆ. ಮೂವರೂ ಸೇರಿ ಮಂಚವನ್ನು ಎದುರಿನ ಒಳಗೋಡೆಗೆ ಎಳೆದೆವು. ಆ ರಾತ್ರಿ ಮಾಡಿದ ಕೆಲಸಗಳಲ್ಲಿ ಒಂದು ರೂಪಾಯಿಯೂ ಖರ್ಚಾಗದೆ ಹೆಚ್ಚು ಫಲ ಕೊಟ್ಟದ್ದು ಇದೇ.

ಪರದೆ, ಹಲಗೆ, ಗುಳ್ಳೆ ಪ್ಲಾಸ್ಟಿಕ್

ದಪ್ಪ ಪರದೆ ಹಾಕಿದ್ದೇವೆ, ಆದರೂ ಚಳಿ ಎನ್ನುವವರು ಪರದೆ ತೂಗುಹಾಕಿದ ರೀತಿಯನ್ನು ನೋಡಬೇಕು. ಗೋಡೆಯಿಂದ ನಾಲ್ಕು ಇಂಚು ಮುಂದೆ ಒಂದು ಸರಳು, ಅದಕ್ಕೆ ಬಳೆ, ಅದರಲ್ಲಿ ಜೋತುಬಿದ್ದ ಬಟ್ಟೆ. ಮೇಲೂ ತೆರೆದಿದೆ, ಕೆಳಗೂ ತೆರೆದಿದೆ. ಪರದೆಗೂ ಗಾಜಿಗೂ ನಡುವಿನ ಗಾಳಿ ತಣ್ಣಗಾಗಿ ಕೆಳಗಿನಿಂದ ಜಾರಿಹೋಗುತ್ತದೆ, ಮೇಲಿನಿಂದ ಕೋಣೆಯ ಬಿಸಿಗಾಳಿ ಬಂದು ಆ ಜಾಗ ತುಂಬುತ್ತದೆ, ಅದೂ ತಣ್ಣಗಾಗುತ್ತದೆ. ರಾತ್ರಿಯಿಡೀ ಇದೇ ರಾಟೆ. ಗಾಳಿ ಅಲ್ಲಿ ನಿಂತಿಲ್ಲ, ಹಾಗಾಗಿ ಪರದೆಯ ದಪ್ಪ ಕೆಲಸಕ್ಕೆ ಬರುತ್ತಿಲ್ಲ.

ನಿಲ್ಲಿಸಬೇಕಾದರೆ ಪರದೆಯ ಮೇಲಿನ ಬಾಯಿಯನ್ನು ಮುಚ್ಚಬೇಕು. ಸರಳಿನ ಮೇಲೆ ಗೋಡೆಗೆ ತಾಗುವಂತೆ ಒಂದು ಪ್ಲೈವುಡ್ ಪಟ್ಟಿ ಹೊಡೆಸಿ, ಅಥವಾ ಮಡಿಸಿದ ಹಳೇ ಪಂಚೆಯನ್ನು ಅಲ್ಲಿ ಹಾಸಿ. ಕೆಳಗೆ ಪರದೆ ನೆಲ ಮುಟ್ಟಲಿ, ಇಲ್ಲವೇ ಕಿಟಕಿಯ ಕಟ್ಟೆಯ ಮೇಲೆ ಎರಡು ಇಂಚು ಮಲಗಲಿ. ಅಂಚಿನ ಮಡಿಕೆಯಲ್ಲಿ ಮರಳು ತುಂಬಿದ ಬಟ್ಟೆಯ ಕೊಳವೆ ಇಟ್ಟು ಹೊಲಿದರೆ ಅಲುಗುವುದಿಲ್ಲ. ಎರಡು ಪಕ್ಕಗಳು ಗೋಡೆಗೆ ಒತ್ತಿಕೊಂಡಿರಲಿ. ಮೇಷ್ಟ್ರ ಮನೆಯವರು ಮಾರನೆಯ ದಿನವೇ ಹಳೇ ರೇಷ್ಮೆ ಸೀರೆಗೆ ಕೌದಿಯ ಹಾಗೆ ಹತ್ತಿ ಸೀರೆಯ ಒಳಪದರ ಕೊಟ್ಟು ಪರದೆ ಹೊಲಿದರು. ಅಂಗಡಿಯ ಯಾವ ಪರದೆಗಿಂತಲೂ ಅದು ಚೆನ್ನಾಗಿತ್ತು.

ಹಳೇ ಮನೆಯವರಿಗೆ ಇನ್ನೂ ದೊಡ್ಡ ಆಸ್ತಿ ಇದೆ. ಅಗ್ರಹಾರ, ಕೃಷ್ಣಮೂರ್ತಿಪುರಂ ಕಡೆಯ ಮನೆಗಳಲ್ಲಿ ಗಾಜಿಲ್ಲದ ತೇಗದ ಹಲಗೆಯ ಕಿಟಕಿ ಬಾಗಿಲುಗಳನ್ನು ಈಗಲೂ ನೋಡುತ್ತೇವೆ. 20 ಮಿಲಿಮೀಟರ್ ದಪ್ಪದ ಮರ ತಾನೊಂದೇ 0.12ರಷ್ಟು ತಡೆ ಕೊಡುತ್ತದೆ, ಗಾಜಿನ 30 ಪಟ್ಟು. ಬಿಗಿಯಾಗಿ ಮುಚ್ಚಿದ ಅಂಥ ಬಾಗಿಲಿನ ಯು ವ್ಯಾಲ್ಯೂ ಸುಮಾರು 3.4. ಅದರ ಒಳಗಡೆ ಒಂದು ಗಾಜಿನ ಬಾಗಿಲನ್ನೂ ಸೇರಿಸಿ, ನಡುವೆ ಗಾಳಿ ನಿಲ್ಲುವಂತೆ ಮಾಡಿದರೆ 2.2ರ ಹತ್ತಿರ ಬರುತ್ತದೆ. ಸಾಮಾನ್ಯ ಡಬಲ್ ಗ್ಲಾಸಿನದು 2.8. ರಿಪೇರಿ ಹೆಸರಿನಲ್ಲಿ ಆ ಮರವನ್ನು ಕಿತ್ತು ಮಾರಿ ಸ್ಲೈಡಿಂಗ್ ಕಿಟಕಿ ಹಾಕಿಸುವುದನ್ನು ಕಂಡಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟು ಸಲೀಸಾಗಿ ಬಿಸಿಯನ್ನು ದಾಟಿಸುವ ಲೋಹ.

ಮರದ ಹಲಗೆ ಇಲ್ಲದವರಿಗೆ ಬಬಲ್ ರ್ಯಾಪ್ ಇದೆ. ಪಾರ್ಸೆಲ್ ಜೊತೆ ಬರುವ ಗುಳ್ಳೆ ಪ್ಲಾಸ್ಟಿಕ್ಕೇ. ಗಾಜಿಗೆ ತೆಳ್ಳಗೆ ನೀರು ಚಿಮುಕಿಸಿ, ಗುಳ್ಳೆಯ ಮೈ ಗಾಜಿನ ಕಡೆಗೆ ಮಾಡಿ ಒತ್ತಿದರೆ ಅಂಟು ಇಲ್ಲದೆ ನಿಲ್ಲುತ್ತದೆ. ಪ್ರತಿ ಗುಳ್ಳೆಯೂ ಓಡಾಡಲಾಗದ ಗಾಳಿಯ ಒಂದು ಪುಟ್ಟ ಡಬ್ಬಿ. ಗಾಜಿನಿಂದ ಹೋಗುವ ಬಿಸಿಯಲ್ಲಿ ಮೂರರಲ್ಲಿ ಒಂದು ಪಾಲಾದರೂ ಉಳಿಯುತ್ತದೆ. ಬೆಳಕು ಬರುತ್ತದೆ, ಹೊರಗಿನ ನೋಟ ಮಾತ್ರ ಮಸುಕು. ಹಿಂದಿನ ಓಣಿಗೆ ತೆರೆಯುವ ಕಿಟಕಿಗೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಹಗಲಲ್ಲಿ ಅದೇ ಕಿಟಕಿ ಒಲೆ

ಚಳಿದೇಶಗಳಿಗಿಂತ ನಾವು ಅದೃಷ್ಟವಂತರು ಅನ್ನುವುದು ಇಲ್ಲಿ. ಅವರ ಚಳಿಗಾಲದಲ್ಲಿ ಸೂರ್ಯ ಹೊತ್ತಿಗೊಮ್ಮೆ ಇಣುಕಿ ಹೋಗುತ್ತಾನೆ, ನಮ್ಮ ಚಳಿಗಾಲದಲ್ಲಿ ಇಡೀ ದಿನ ಬಿಸಿಲು. ಮೈಸೂರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ನಡುಹಗಲ ಸೂರ್ಯ ದಕ್ಷಿಣಕ್ಕೆ ವಾಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಜೂನ್‌ನಲ್ಲಿ ಉತ್ತರದ ಕಡೆಗೆ ಸರಿದು 79 ಡಿಗ್ರಿ ಮೇಲೆ, ಹೆಚ್ಚುಕಡಿಮೆ ನೆತ್ತಿಯ ಮೇಲೆ. ಹಾಗಾಗಿ ದಕ್ಷಿಣದ ಕಿಟಕಿಗೆ ಚಳಿಗಾಲದಲ್ಲಿ ಮಾತ್ರ ಚೆನ್ನಾಗಿ ಬಿಸಿಲು ಬೀಳುತ್ತದೆ. 2 ಅಡಿಯ ಸಜ್ಜ ಇದ್ದರೂ, ಡಿಸೆಂಬರ್ ನಡುಹಗಲಲ್ಲಿ ಅದರ ನೆರಳು ಕಿಟಕಿಯ ಮೇಲಿನ ಪೌನೆ ಮೂರು ಅಡಿಗೆ ನಿಲ್ಲುತ್ತದೆ, ಕೆಳಗಿನ ಎರಡು ಕಾಲು ಅಡಿ ಬಿಸಿಲಿಗೆ ತೆರೆದಿರುತ್ತದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಸೂರ್ಯ ಇನ್ನೂ ಕೆಳಗಿರುವುದರಿಂದ ಮೂರು ಅಡಿ.

ಬಿಸಿಲು ಗಾಜನ್ನು ಸಲೀಸಾಗಿ ದಾಟಿ ಬಂದು ನೆಲ, ಗೋಡೆ, ಹಾಸಿಗೆಗೆ ತಾಗಿ ಬಿಸಿಯಾಗುತ್ತದೆ. ಹಾಗೆ ಬಿಸಿಯಾದ ನೆಲ ಹೊರಸೂಸುವ ಕಿರಣಗಳು ಬೇರೆ ಜಾತಿಯವು, ಅವುಗಳಿಗೆ ಗಾಜು ಗೋಡೆಯಷ್ಟೇ ಅಡ್ಡ. ಬಿಸಿ ಒಳಗೆ ಸಿಕ್ಕಿಬೀಳುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರು ಒಲೆಯಾಗುವುದು ಹೀಗೇ. ಮೇಷ್ಟ್ರ ಕಿಟಕಿ ದಕ್ಷಿಣದ್ದು. ಬಿಸಿಲು ಬೀಳುವ ಆ ಭಾಗದಿಂದಲೇ ಹಗಲು ಹೊತ್ತು 200ರಿಂದ 300 ವ್ಯಾಟ್ ಒಳಗೆ ಬರಬಹುದು. ಆದರೆ ನಾವು ನೋಡಿದಾಗ ಆ ಕಿಟಕಿಗೆ ಮೂರು ಅಡ್ಡಿ ಇದ್ದವು: ಧೂಳು ಹಿಡಿದ ಸೊಳ್ಳೆ ಜಾಲರಿ, ಒಗೆದು ವರ್ಷವಾದ ಪರದೆ, ಹೊರಗೆ ಎತ್ತರಕ್ಕೆ ಬೆಳೆದ ದಾಸವಾಳ. ಜಾಲರಿಯನ್ನು ತೆಗೆದು ತೊಳೆದರು, ದಾಸವಾಳವನ್ನು ಸಂಕ್ರಾಂತಿಗೆ ಮುಂಚೆ ಕತ್ತರಿಸಿದರು.

ದಿನಚರಿ ಹೀಗಿರಲಿ. ಎಂಟು ಎಂಟೂವರೆಗೆ ಇಬ್ಬನಿ ಕರಗಿ ಬಿಸಿಲು ಬಲಿತ ಮೇಲೆ ಪರದೆ ಪೂರ್ತಿ ಸರಿಸಿ, ಗಾಜು ಮುಚ್ಚಿಯೇ ಇರಲಿ. ಹನ್ನೊಂದರಿಂದ ಮೂರರವರೆಗೆ ಹೊರಗಿನ ಗಾಳಿಯೇ ಒಳಗಿನದಕ್ಕಿಂತ ಬೆಚ್ಚಗಿರುತ್ತದೆ, ಆಗ ಕಿಟಕಿ ತೆರೆದಿಡಿ. ಐದು ಗಂಟೆಗೆ, ಬಿಸಿಲಿನ್ನೂ ಇರುವಾಗಲೇ ಎಲ್ಲ ಮುಚ್ಚಿ ಪರದೆ ಎಳೆಯಿರಿ. ಸೊಳ್ಳೆಗೆಂದು ಆರೂವರೆಗೆ ಮುಚ್ಚುವ ಮನೆಗಳು ಒಂದೂವರೆ ಗಂಟೆಯ ಬಿಸಿಯನ್ನು ಆಗಲೇ ಬೀದಿಗೆ ಕೊಟ್ಟಿರುತ್ತವೆ.

ಡಬಲ್ ಗ್ಲಾಸ್ ಯಾರಿಗೆ

ಎರಡು ಗಾಜುಗಳ ನಡುವೆ ಗಾಳಿಯನ್ನು ಸೆರೆಹಿಡಿಯುವ ಯೋಚನೆ ಹಳೆಯದು, ಅಮೆರಿಕದಲ್ಲಿ ಥಾಮಸ್ ಸ್ಟೆಟ್ಸನ್ 1865ರಲ್ಲೇ ಪೇಟೆಂಟ್ ಪಡೆದಿದ್ದ. ನಡುವಿನ ಅಂತರ 12ರಿಂದ 16 ಮಿಲಿಮೀಟರ್ ಇದ್ದರೆ ಒಳ್ಳೆಯದು. ಅದಕ್ಕಿಂತ ಕಿರಿದಾದರೆ ಗಾಳಿಪದರ ಸಾಲುವುದಿಲ್ಲ, ಬಹಳ ಅಗಲವಾದರೆ ಒಳಗಿನ ಗಾಳಿಯೇ ಸುತ್ತಲು ಶುರುಮಾಡುತ್ತದೆ. ಗಾಳಿಯ ಬದಲು ಆರ್ಗಾನ್ ಅನಿಲ ತುಂಬಿ, ಬಿಸಿಯ ಕಿರಣಗಳನ್ನು ವಾಪಸ್ ಕಳಿಸುವ ಲೋ-ಇ ಎಂಬ ತೆಳುಲೇಪ ಕೊಟ್ಟರೆ ಯು ವ್ಯಾಲ್ಯೂ 1.2ರ ಹತ್ತಿರಕ್ಕೆ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ 2022ರಿಂದ, ಹಳೇ ಮನೆಗೆ ಬದಲಿಸಿ ಹಾಕುವ ಕಿಟಕಿಯದು 1.4 ಮೀರಬಾರದು ಎಂಬ ನಿಯಮವಿದೆ. ಅವರ ಚಳಿಗೆ ಅದು ಬೇಕು. ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗೆ, ಒಳಗೆ 20 ಇದ್ದರೆ ಮೇಷ್ಟ್ರ ಅಳತೆಯ ಒಂಟಿ ಗಾಜು 300 ವ್ಯಾಟಿಗೂ ಹೆಚ್ಚು ಕಳೆಯುತ್ತಿತ್ತು, ತಿಂಗಳುಗಟ್ಟಲೆ, ಹಗಲೂ ರಾತ್ರಿ.

ನಮ್ಮ ದೇಶದ ಮನೆಗಳಿಗೆಂದು 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಕೂಡ ಗೋಡೆ, ಕಿಟಕಿಗಳ ವಿಷಯದಲ್ಲಿ ಶೀತ ವಲಯಕ್ಕೆ ಮಾತ್ರ ಬಿಸಿ ಸೋರಿಕೆಯ ಮಿತಿ ಹಾಕಿತ್ತು, ತಾರಸಿ ಬಿಟ್ಟು ಮನೆಯ ಉಳಿದ ಹೊರಮೈಗೆ ಯು ವ್ಯಾಲ್ಯೂ 1.8. ಉಳಿದೆಡೆ ಅದರ ಚಿಂತೆ ಬಿಸಿಲು ಒಳಗೆ ಬರದ ಹಾಗೆ ನೋಡಿಕೊಳ್ಳುವುದಾಗಿತ್ತು. ಮೈಸೂರಿನಲ್ಲಿ ಎರಡು ತಿಂಗಳ ಚಳಿಗಾಗಿ ಇರುವ ಒಳ್ಳೆಯ ಕಿಟಕಿಯನ್ನು ಕಿತ್ತು ಡಬಲ್ ಗ್ಲಾಸ್ ಹಾಕಿಸುವುದು ದಂಡ ಎಂದೇ ನನ್ನ ಅಭಿಪ್ರಾಯ. ರಿಂಗ್ ರೋಡ್ ಪಕ್ಕದ ಮನೆ, ಲಾರಿ ಸದ್ದಿಗೆ ನಿದ್ದೆ ಇಲ್ಲ, ಬೇಸಿಗೆಯಲ್ಲಿ ಎಸಿ ಓಡುತ್ತದೆ ಅಂದರೆ ಮಾತು ಬೇರೆ, ಆಗ ಹಾಕಿಸಿ. ಹಾಕಿಸಿದ ಮೇಲೆ ಕೊಟ್ಟದ್ದು ನಿಜವಾಗಿ ಎರಡು ಪದರವೇ ಎಂದು ನೋಡಲು ರಾತ್ರಿ ಮೊಬೈಲ್ ಟಾರ್ಚನ್ನು ಗಾಜಿನ ಹತ್ತಿರ ಓರೆಯಾಗಿ ಹಿಡಿಯಿರಿ. ಒಂದು ಗಾಜಿಗೆ ಎರಡು ಪ್ರತಿಬಿಂಬ, ಎರಡಕ್ಕೆ ನಾಲ್ಕು. ಅವುಗಳಲ್ಲಿ ಒಂದರ ಬಣ್ಣ ಬೇರೆಯಾಗಿ ಕಂಡರೆ ಲೋ-ಇ ಲೇಪವೂ ಇದೆ.

ಒಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಕೋಣೆಯ ಮೇಲೆ ಮಹಡಿ ಇಲ್ಲದೆ ನೇರ ತಾರಸಿ ಇದ್ದರೆ, ಬೆಳಗಿನ ಜಾವದ ಹೊತ್ತಿಗೆ ಕಿಟಕಿಗಿಂತ ತಾರಸಿಯಿಂದ ಹೋಗುವ ಬಿಸಿಯೇ ಹೆಚ್ಚು. ಮೋಡವಿಲ್ಲದ ರಾತ್ರಿಯಲ್ಲಿ ತಾರಸಿ ಇಡೀ ಆಕಾಶಕ್ಕೆ ಮುಖಮಾಡಿ ತನ್ನ ಬಿಸಿಯನ್ನು ಎಸೆಯುತ್ತಿರುತ್ತದೆ. ಮೇಷ್ಟ್ರ ಹಿಂದಿನ ಕೋಣೆಯ ಮೇಲೆ ಬಾಡಿಗೆ ಮನೆ ಇತ್ತು, ಹಾಗಾಗಿ ಅಲ್ಲಿ ಕಿಟಕಿಯೇ ಮುಖ್ಯವಾಯಿತು. ನಿಮ್ಮದು ಮೇಲಿನ ಕೋಣೆಯಾದರೆ, ಸಾಧ್ಯವಿದ್ದವರು ಈ ಎರಡು ತಿಂಗಳು ಮಗುವನ್ನು ಕೆಳಗಿನ ಕೋಣೆಗೆ ತನ್ನಿ.

ಮೇಷ್ಟ್ರು ಕೊಟೇಶನ್ ಕಾಗದದ ಹಿಂಬದಿಯಲ್ಲೇ ಫೋಮ್ ಟೇಪಿನ ಅಳತೆ ಬರೆದುಕೊಂಡರು: ನಡುಗೆರೆ 5 ಅಡಿ, ಸುತ್ತು 18 ಅಡಿ, ಕಟ್ಟೆಗೆ ಬೇರೆ. ಶಿವರಾತ್ರಿಗೆ ಚಳಿ ಶಿವ ಶಿವಾ ಎಂದು ಹೋದ ಮೇಲೆ ಬಬಲ್ ರ್ಯಾಪ್ ಬಿಚ್ಚಿ, ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿದರು. ವೆಂಟಿಲೇಟರಿನ ಥರ್ಮೋಕೋಲ್ ಹಲಗೆಯೂ ಅದರ ಜೊತೆ ಹೋಯಿತು. ಫೋಮ್ ಟೇಪನ್ನು ಮಾತ್ರ ಕೀಳಲಿಲ್ಲ. ಮಾರ್ಚಿನ ಧೂಳಿಗೂ ಅದು ಆಗುತ್ತದೆ.